ಎರಡು ಗಡಿಗೆಗೆ ಒಂದೇ ಸೌಟು

"ಗುರುಗಳೇ, ತಪ್ಪು ನನ್ನದೇ. ಆದರೆ ಯಾರಿಗೂ ಹೇಳದೆ ಆ ಸೀಸೆಗಳನ್ನು ಚೆಲ್ಲಿಬಿಟ್ಟು, ಬೇರೊಬ್ಬ ರೋಗಿಯಿಂದ ಹೊಸದಾಗಿ ಶುರು ಮಾಡಿದರೆ ಯಾರಿಗೇನು ನಷ್ಟ?" ಎಂದು ಮಂದಾಕಿನಿ ಕೇಳಿದಳು.

ಅವಳು ಅಂಡಾಶಯದ ಕ್ಯಾನ್ಸರ್ ಕುರಿತು ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿ. ಒಬ್ಬ ರೋಗಿಯ ಜೀವಕೋಶಗಳನ್ನು ನಾಲ್ಕು ತಿಂಗಳಿಂದ ಪ್ರಯೋಗಾಲಯದ ಸೀಸೆಯಲ್ಲಿ ಬೆಳೆಸಿದ್ದಳು. ಅವು ಆ ರೋಗಿಯವೇ ಅಲ್ಲ, ಪಕ್ಕದ ಸೀಸೆಯಿಂದ ಬೆರೆತುಕೊಂಡವು ಎಂದು ಆ ಬೆಳಿಗ್ಗೆ ಪರೀಕ್ಷೆಯ ವರದಿ ಬಂದಿತ್ತು.

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಷ್ಟದ ಮಾತು ಆಮೇಲೆ. ಮೊದಲು ಕೂತುಕೋ. ಅಳುವುದಿದ್ದರೆ ಕತೆ ಮುಗಿದ ಮೇಲೆ ಅಳು, ನಡುವೆ ಅತ್ತರೆ ನನಗೆ ಮಾತಿನ ಎಳೆ ತಪ್ಪುತ್ತದೆ" ಎಂದು ಗದರಿ, ಹೇಳತೊಡಗಿದರು.

ಒಬ್ಬ ಸಂಶೋಧಕನಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತನ್ನಷ್ಟು ಚೆನ್ನಾಗಿ ಜೀವಕೋಶ ಬೆಳೆಸುವವರು ಈ ಸೀಮೆಯಲ್ಲೇ ಇಲ್ಲ ಎಂಬ ಧಿಮಾಕು ಬೇರೆ. ಅವನಿದ್ದ ಊರಿನ ಆಸ್ಪತ್ರೆಗೆ ಮೊಸರು ಮಾರುವ ಹೆಂಗಸೊಬ್ಬಳು ಬಂದಳು. ಅವಳ ಅಂಡಾಶಯದಲ್ಲಿ ಗಡ್ಡೆಯಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಹದಿನೈದು ದಿನಕ್ಕೊಮ್ಮೆ ಸೂಜಿ ಚುಚ್ಚಿ ಆ ನೀರು ತೆಗೆಯದಿದ್ದರೆ ಅವಳಿಗೆ ಉಸಿರಾಡುವುದೂ ಕಷ್ಟವಾಗುತ್ತಿತ್ತು.

ಅವಳದು ಅಪರೂಪದ ಬಗೆಯ ಕ್ಯಾನ್ಸರ್. ಎಲ್ಲರಿಗೂ ಕೊಡುವ ಔಷಧಕ್ಕೆ ಅದು ಜಗ್ಗುವುದಿಲ್ಲ. ಹೊಸ ಔಷಧ ಹುಡುಕೋಣವೆಂದರೆ ಪರೀಕ್ಷಿಸಲು ಅದೇ ಬಗೆಯ ಜೀವಕೋಶ ಬೇಕು. ಪ್ರಯೋಗಾಲಯದಲ್ಲಿದ್ದವು ಹತ್ತಾರು ವರ್ಷಗಳಿಂದ ಕೈಯಿಂದ ಕೈಗೆ ಬಂದ ಹಳೆಯವು. ಅವು ಎಲ್ಲಿ ಬಿಟ್ಟರೂ ಬೆಳೆಯುತ್ತವೆ, ಆದರೆ ಅವಳ ರೋಗಕ್ಕೂ ಅವಕ್ಕೂ ಹೋಲಿಕೆಯಿಲ್ಲ. ಅವಳ ಹೊಟ್ಟೆಯ ನೀರಿನಲ್ಲಾದರೋ ರೋಗದ ಜೀವಕೋಶಗಳೇ ತೇಲುತ್ತಿದ್ದವು. ಸಂಶೋಧಕ ಹೋಗಿ, ಚೆಲ್ಲುವ ನೀರಿನಲ್ಲಿ ಸ್ವಲ್ಪ ತನಗೆ ಕೊಡಬೇಕೆಂದೂ, ಅದನ್ನು ಸೀಸೆಯಲ್ಲಿಟ್ಟು ಬೆಚ್ಚಗೆ ಕಾಪಾಡಿ ಬೆಳೆಸುವೆನೆಂದೂ ಅವಳಿಗೆ ವಿವರಿಸಿದ.

"ಹೆಪ್ಪು ಹಾಕಿ ಇಟ್ಕೋತಿ ಅನ್ನು" ಎಂದಳು ಅವಳು. "ನಮ್ಮವ್ವಗೂ ಹಿಂಗ ಹೊಟ್ಟಿ ಬಂದಿತ್ತು. ಈಗ ನನಗ ಬಂತು. ನನ್ನ ಮಗಳಿಗೆ ಬರೂದರಾಗ ಏನರ ಒಂದು ಔಷಧ ಹುಡುಕಪ್ಪಾ. ಬೇಕಾದಷ್ಟು ತಗೊಂಡ್ ಹೋಗು."

ಅವನು ತಂದ. ಸೀಸೆಗೆ ಹಾಕಿ, ಚೀಟಿ ಅಂಟಿಸಿ, ಕಾವಿನ ಪೆಟ್ಟಿಗೆಯಲ್ಲಿಟ್ಟ. ಮೂರು ವಾರ ಆ ಜೀವಕೋಶಗಳು ಮುನಿಸಿಕೊಂಡ ನೆಂಟರ ಹಾಗೆ ಮೂಲೆ ಹಿಡಿದು ಕೂತವು. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಅವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಮುಂದಿನ ತಿಂಗಳು ದೊಡ್ಡ ಸಭೆಯಿತ್ತು, ಅಲ್ಲಿ ಚಿತ್ರ ತೋರಿಸಬೇಕಿತ್ತು.

ನಮ್ಮ ಕೆಲಸದ ಮಡಿ ನಿನಗೆ ಗೊತ್ತೇ ಇದೆ. ಒಂದು ಸೀಸೆ ಒಳಗಿಟ್ಟು, ಕಟ್ಟೆ ಒರೆಸಿ, ಆಮೇಲೆ ಇನ್ನೊಂದನ್ನು ತೆರೆಯಬೇಕು. ಜೀವಕೋಶಕ್ಕೆ ಉಣಿಸುವ ಮೀಡಿಯಾ ಒಂದೊಂದಕ್ಕೂ ಬೇರೆ ಬಾಟಲಿಯಲ್ಲಿರಬೇಕು. ಒಂದು ದಿನ ಅವನು ಹಳೆಯ ಜೀವಕೋಶಗಳ ಸೀಸೆಯನ್ನೂ ಅವಳ ಸೀಸೆಯನ್ನೂ ಒಟ್ಟಿಗೇ ತೆರೆದಿಟ್ಟುಕೊಂಡು, ಒಂದೇ ಪಿಪೆಟ್ಟಿನಿಂದ ಒಂದೇ ಬಾಟಲಿಯ ಮೀಡಿಯಾ ಎರಡಕ್ಕೂ ಹಾಕಿದ. ಬಸ್ಸಿಗೆ ಹೊತ್ತಾಗಿತ್ತಂತೆ.

ಹತ್ತು ದಿನದಲ್ಲಿ ಅವಳ ಸೀಸೆ ತಳ ಕಾಣದಷ್ಟು ತುಂಬಿಕೊಂಡಿತು. ಅವನು ಕುಣಿದಾಡಿದ. ಸಭೆಯಲ್ಲಿ ಚಿತ್ರ ತೋರಿಸಿದ, ಚಪ್ಪಾಳೆ ಬಿತ್ತು. ಅದೇ ಉಮೇದಿನಲ್ಲಿ ಆಸ್ಪತ್ರೆಗೆ ಹೋಗಿ ಅವಳಿಗೂ ಹೇಳಿದ. ಅವಳು ಹಾಸಿಗೆಯ ಮೇಲೆ ಎದ್ದು ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

"ಮೂರು ವಾರ ಸುಮ್ಮನಿದ್ದದ್ದು ಹತ್ತು ದಿನದಾಗ ಹಂಗ ತುಂಬೂದಿಲ್ಲಲ್ಲೋ. ಎರಡು ಗಡಿಗಿಗೂ ಒಂದ ಸೌಟು ಹಾಕೀಯೇನು ತಮ್ಮಾ?" ಎಂದಳು. "ಹುಳಿ ಹೆಪ್ಪು ಒಂದು ಹನಿ ಬಿದ್ರ ಸಾಕು, ಇನ್ನೊಂದರ ರುಚಿನ ಉಳಿಯಂಗಿಲ್ಲ."

"ಛೇ ಛೇ, ಇಲ್ಲಮ್ಮಾ" ಎಂದು ಅವನು ನಕ್ಕ.

ನಕ್ಕನೇನೋ ಸರಿ, ಮುಖ ಬಿಸಿಯಾಯಿತು. ಮೂವತ್ತು ವರ್ಷ ಮೊಸರು ಮಾಡಿದವಳು ಸೀಸೆಯನ್ನು ಕಣ್ಣಿಂದಲೂ ನೋಡದೆ ತಪ್ಪು ಹಿಡಿದಿದ್ದಳು. ಅವನು ಗುಟ್ಟಾಗಿ ಆ ಜೀವಕೋಶಗಳನ್ನೂ ಅವಳ ರಕ್ತವನ್ನೂ ತಾಳೆ ನೋಡಲು ಕಳಿಸಿದ. ವರದಿ ಬಂತು. ಸೀಸೆಯಲ್ಲಿ ಅವಳದು ಒಂದೇ ಒಂದು ಗುರುತೂ ಉಳಿದಿರಲಿಲ್ಲ. ಬೆಳೆದಿದ್ದೆಲ್ಲ ಆ ಹಳೆಯವೇ, ಯಾವುದೋ ದೇಶದ ಯಾರೋ ಹೆಂಗಸಿನವು. ಅವನು ಬಾಗಿಲು ಹಾಕಿಕೊಂಡು ಅವಳ ಚೀಟಿಯಿದ್ದ ಎಲ್ಲ ಸೀಸೆಗಳನ್ನೂ ಬ್ಲೀಚಿಂಗ್ ನೀರಿಗೆ ಸುರಿದ. ಲೇಖನ ಬರೆಯಲಿಲ್ಲ, ಸುಳ್ಳು ಅಚ್ಚು ಹಾಕಿಸಲಿಲ್ಲ, ಯಾರಿಗೂ ಕೇಡಾಗಲಿಲ್ಲ ಎಂದುಕೊಂಡ. ನೀನು ಈಗ ಅಂದೆಯಲ್ಲ, ಹಾಗೆಯೇ.

ಆದರೆ ಅವಳು ಬದುಕಿದ್ದಳು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು. ಅವಳ ಹೊಟ್ಟೆಯಿಂದ ತೆಗೆದ ನೀರನ್ನು ಅವನ ಕಣ್ಣೆದುರಿಗೇ ಕೊಂಡೊಯ್ದು ಚೆಲ್ಲುತ್ತಿದ್ದರು. ಇನ್ನೊಂದು ಸಲ ಕೊಡಿ ಎಂದು ಕೇಳಿದ್ದರೆ ಸಾಕಿತ್ತು. ಕೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಕೇಳಿದರೆ, ಅವಳು ಹೇಳಿದ್ದೇ ನಿಜ ಎಂದು ಒಪ್ಪಬೇಕು. ಅಷ್ಟು ಓದಿದವನು ಮೊಸರು ಮಾರುವವಳ ಮುಂದೆ ತಲೆ ತಗ್ಗಿಸಬೇಕು. ನಾಚಿಕೆ ಕಣಮ್ಮಾ, ಬರೀ ನಾಚಿಕೆ. ಬೇರೆ ಕಾರಣ ಹುಡುಕಬೇಡ, ಇರಲಿಲ್ಲ.

ಹಾಗೆ ಆರು ಸಲ ಅವಳು ಬಂದಳು. ಆರು ಸಲವೂ ಅವನು ವಾರ್ಡಿನ ಬಾಗಿಲ ತನಕ ಹೋದ. ಒಳಗಿನಿಂದ ಅವಳೇ ಕಂಡು ಕೂಗುತ್ತಿದ್ದಳು, ಹೆಪ್ಪು ಹೆಂಗೈತಪ್ಪಾ ಎಂದು. ಚೆನ್ನಾಗಿದೆ ಎನ್ನುತ್ತಿದ್ದ. ಅವಳು ಪಕ್ಕದಲ್ಲಿದ್ದ ಮಗಳ ಕೈ ಹಿಡಿದುಕೊಂಡು, ಕೇಳಿದೆಯಾ ಎನ್ನುವಂತೆ ನೋಡುತ್ತಿದ್ದಳು. ಏಳನೆಯ ಸಲ ಅವಳು ಬರಲಿಲ್ಲ.

ತಿಂಗಳು ಕಳೆದ ಮೇಲೆ ಮಗಳು ಪ್ರಯೋಗಾಲಯಕ್ಕೆ ಬಂದಳು. ಬರಿಗೈಲಿ ಬಂದಿರಲಿಲ್ಲ. ತಾಯಿ ಹೇಳಿಟ್ಟಿದ್ದಳೆಂದು ಒಂದು ಸಣ್ಣ ಗಡಿಗೆ ಮೊಸರು ತಂದಿದ್ದಳು. ಅದನ್ನು ಅವನ ಮೇಜಿನ ಮೇಲಿಟ್ಟು, ನಮ್ಮವ್ವನ್ನ ಒಂದು ಸಲ ತೋರಸ್ರಿ ಎಂದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ದರಿದ್ರದವನು. ಒಳಗೆ ಹೋಗಿ ಆ ಹಳೆಯ ಜೀವಕೋಶಗಳ ಸೀಸೆಯನ್ನೇ ತಂದ. ಚೀಟಿ ಕಾಣದ ಹಾಗೆ ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಟ್ಟ. ಹೇಗೆ ನೋಡಬೇಕೆಂದು ಹೇಳಿಕೊಟ್ಟ. ಅವಳು ಬಾಗಿ ಬಹಳ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಯಾರೋ ಕಾಣದ ದೇಶದ ಹೆಂಗಸಿನ ಜೀವಕೋಶಗಳಿಗೆ ಅವ್ವಾ ಎಂದು ಕೈ ಮುಗಿದಳು. ಅವನು ಹೆಬ್ಬೆರಳು ತೆಗೆಯಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮೇಜಿನ ಮೇಲಿದ್ದ ಕನ್ನಡಕಕ್ಕಾಗಿ ತಡಕಾಡಿದರು, ಕೈಗೆ ಸಿಕ್ಕರೂ ಹಾಕಿಕೊಳ್ಳಲಿಲ್ಲ.

ಮಂದಾಕಿನಿ ಕಣ್ಣೊರೆಸಿಕೊಂಡಳು. "ಗುರುಗಳೇ, ಆ ಸಂಶೋಧಕ..." ಎಂದು ಶುರು ಮಾಡಿದಳು.

"ಅವನ ಸುದ್ದಿ ಬಿಡು. ನಿನ್ನ ಸೀಸೆಯ ಚೀಟಿಯಲ್ಲಿರುವ ಹೆಂಗಸು ಇನ್ನೂ ಬದುಕಿದ್ದಾಳೆಯೇ, ಅದನ್ನು ಹೇಳು" ಎಂದರು ಗುರುಗಳು.

"ಇದ್ದಾಳೆ" ಎಂದು ಮಂದಾಕಿನಿ ಎದ್ದು, ಬೆಳಿಗ್ಗೆ ಬಂದ ವರದಿಯನ್ನು ಕೈಗೆತ್ತಿಕೊಂಡು ಆಸ್ಪತ್ರೆಯ ಕಡೆಗೆ ಹೊರಟಳು.