ಶನಿವಾರದ ಹೊಗೆ

ಜೀವ ಉಳಿಸಿಕೊಳ್ಳಲು ಯಹೂದಿ ಮತ ಬಿಟ್ಟು ಕ್ರೈಸ್ತಳಾದ ಮುದುಕಿಯೊಬ್ಬಳು ಸ್ಪೇನಿನ ಒಂದೂರಿನಲ್ಲಿ ಒಂಟಿಯಾಗಿದ್ದಳು. ಹಳೆಯ ಮತದವರು ಶನಿವಾರ ಬೆಂಕಿ ಹೊತ್ತಿಸುವುದಿಲ್ಲ. ಅದನ್ನು ಅವಳು ಗುಟ್ಟಾಗಿ ಪಾಲಿಸುತ್ತಿದ್ದಳು.

ಒಂದು ಶನಿವಾರ ಪಾದ್ರಿ ಬಂದು ಬಾಗಿಲಲ್ಲೇ ಗುಡುಗಿದ. “ನಿನ್ನ ಮನೆಯಲ್ಲಿ ಮಾತ್ರ ಹೊಗೆಯಿಲ್ಲವಲ್ಲ! ಈಗಲೇ ಒಲೆ ಉರಿಯಬೇಕು. ಇಲ್ಲವೋ, ಸೆರೆಮನೆ!”

ನೆರೆಹೊರೆಯವರೆಲ್ಲ ಸೇರಿದರು.

“ಉರಿಯಲಿ ಸ್ವಾಮಿ, ಬೇಡವೆಂದವರು ಯಾರು? ನನಗೆ ಮಂಡಿ ಬಗ್ಗದು, ಊದಲು ಉಸಿರಿಲ್ಲ. ಮುದುಕರಿಗೆ ನೆರವಾಗುವುದೇ ಕ್ರೈಸ್ತಧರ್ಮ ಎಂದು ನೀವೇ ಬೋಧಿಸಿದಿರಲ್ಲ?”

ಅಷ್ಟು ಜನರ ಮುಂದೆ ಪಾದ್ರಿ ಏನು ಮಾಡಿಯಾನು? ಮಂಡಿಯೂರಿ ಊದಿದ. ಗಡ್ಡಕ್ಕೆ ಬೂದಿ ಮೆತ್ತಿತು. ಕೊನೆಗೂ ಹೊಗೆಯೆದ್ದಿತು. ಕೆಮ್ಮುತ್ತ ಹೊರಟ.

ಗಂಡ ಸತ್ತ ಮೇಲೆ ಆ ಒಲೆಯನ್ನು ಇನ್ನೊಬ್ಬರು ಊದಿದ್ದು ಅದೇ ಮೊದಲು.

“ಮುಂದಿನ ಶನಿವಾರವೂ ಬನ್ನಿ ಸ್ವಾಮಿ,” ಎಂದಳು ಮುದುಕಿ. ಆ ಮಾತಿನಲ್ಲಿ ಕೊಂಕು ಅರ್ಧವೇ ಇತ್ತು.