ಸಾಹೇಬರು ಹೊತ್ತ ಕಿರಾಣಿ ಚೀಲ

ಧಾರವಾಡದ ಜಹಗೀರದಾರ ಸಾಹೇಬರದು ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಅಗ್ಗ ಅಂತ ಕಿವಿಗೆ ಬಿದ್ದರೆ ಸಾಕು, ಇಡೀ ಅಂಗಡಿಯನ್ನೇ ಕಾರಿಗೆ ತುಂಬಿಸುತ್ತಿದ್ದರು. ಹೊತ್ತು ಮೇಲೆ ತರಲು ಡ್ರೈವರ್ ಇದ್ದ. ಬೇಳೆಗೆ ಹುಳ ಹಿಡಿದು, ರವೆ ಬಲೆಗಟ್ಟಿದರೂ ಬೈಗುಳ ಮಾತ್ರ ಅಡುಗೆಯ ಕಲ್ಲವ್ವನಿಗೆ.

“ನಿನ್ನ ಕೈ ಭಾಳ ದೊಡ್ಡದು. ಈ ತಿಂಗಳು ಕಿರಾಣಿ ಖರ್ಚು ಅರ್ಧಕ್ಕ ಇಳೀಬೇಕು. ಇಲ್ಲಂದ್ರ ಬ್ಯಾರೆ ಮನಿ ನೋಡ್ಕೋ,” ಎಂದು ಒಂದು ದಿನ ಅಪ್ಪಣೆಯಾಯಿತು.

ಕಲ್ಲವ್ವ ಸೆರಗು ಸರಿಮಾಡಿಕೊಂಡಳು. “ಆತ್ರಿ. ಆದ್ರ ಆಳಿನ ಕೈಯಾಗ ಚೀಲ ಕಂಡ್ರ ಅಂಗಡಿಯಾಂವ ರೇಟು ಏರಸ್ತಾನ್ರಿ. ನಿಮ್ಮಂಥ ದೊಡ್ಡವರು ತಾವ ಚೀಲ ಹಿಡ್ಕೊಂಡು ನಡಕೋತ ಹೋದ್ರ ಅಂಜಿ ಇಳಸ್ತಾನ.”

ಮಾತು ಸಾಹೇಬರಿಗೆ ಹಿಡಿಸಿತು. ಮೊದಲ ದಿನ ಹತ್ತು ಕಿಲೋ ಸಕ್ಕರೆ ಹೊತ್ತು ಬಂದವರು ಎರಡನೇ ಮಹಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟರು. ಮರುವಾರ ಒಂದು ಕಿಲೋ ಬೇಳೆ ಬಂತು. ಆಮೇಲೆ, ಮನೆಯಲ್ಲಿದ್ದದ್ದು ಮೊದಲು ತೀರಲಿ ಎಂಬ ಹೊಸ ಕಾನೂನು ಬಂತು. ತಿಂಗಳ ಕೊನೆಗೆ ಖರ್ಚು ಅರ್ಧಕ್ಕೂ ಕೆಳಗಿಳಿಯಿತು.

“ನೋಡಿದೇನು? ಅಂಗಡಿಯಾಂವ ನನಗ ಹೆಂಗ ಅಂಜ್ಯಾನ,” ಎಂದು ಸಾಹೇಬರು ಬಾಗಿಲಲ್ಲಿ ಏದುಸಿರು ಬಿಡುತ್ತಲೇ ಮೀಸೆ ತಿರುವಿದರು.

ಕಲ್ಲವ್ವ ಚೀಲ ಬಿಚ್ಚಿದಳು. ಸಾಬೂನು ಪುಡಿಯ ಪೊಟ್ಟಣದ ಮೇಲೆ ‘ಒಂದು ಕೊಂಡರೆ ಒಂದು ಉಚಿತ’ ಎಂದು ದಪ್ಪಕ್ಷರದಲ್ಲಿತ್ತು.

“ಪುಕ್ಕಟೆ ಬಂದದ್ದು ಎಲ್ಲೈತ್ರಿ?”

ಸಾಹೇಬರು ಬೆವರೊರೆಸಿಕೊಂಡರು. “ಅಂಗಡಿಯಾಗ ಬಿಟ್ಟು ಬಂದೆ. ಅಷ್ಟಕ್ಕೆಲ್ಲ ಆಸೆ ಬೀಳೋ ಮನಿತನ ಅಲ್ಲ ನಮ್ಮದು.”