ಹೊಗೆಯಿಲ್ಲದ ಹುಲ್ಲಿನ ಯಂತ್ರ

ಕಚೇರಿಯ ದೊಡ್ಡ ಸಾಹೇಬರಾದ ವಿರೂಪಾಕ್ಷಯ್ಯನವರಿಗೆ ಒಮ್ಮೆ ಪರಿಸರದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ತೋಟದ ಕೆಲಸದ ಸಾಕವ್ವನನ್ನು ಕರೆಸಿದರು.

"ಹುಲ್ಲು ಕತ್ತರಿಸೋಕೆ ಹೊಸ ಯಂತ್ರ ಆರಿಸು. ಪೆಟ್ರೋಲ್ ಕುಡೀಬಾರದು, ಕರೆಂಟ್ ಕೇಳಬಾರದು. ಸೋಮವಾರ ಪತ್ರಿಕೆಯವರು ಬರ್ತಾರೆ. ಆಗದಿದ್ರೆ ಕೆಲಸ ಬಿಡು."

ಸಾಕವ್ವ ಕೈಯಲ್ಲಿ ತಳ್ಳುವ ಯಂತ್ರವೊಂದನ್ನು ಆರಿಸಿ ತಂದಳು. ಸಾಹೇಬರು ಕೂಡಲೇ ಒಪ್ಪಿದರು. ಕಚೇರಿಯ ಎರಡೆಕರೆ ಹುಲ್ಲಿನ ಮೇಲೆ ಅದನ್ನು ತಳ್ಳಬೇಕಾದವಳು ಅವಳೇ ತಾನೆ!

ಸೋಮವಾರ ಕ್ಯಾಮೆರಾದವರು ಬಂದರು. ಸಾಕವ್ವ ಕೈಮುಗಿದು ಗಟ್ಟಿಯಾಗಿ ಹೇಳಿದಳು: "ಇವತ್ತು ಪೂರ್ತಿ ಹುಲ್ಲನ್ನ ಸಾಹೇಬರೇ ಕತ್ತರಿಸ್ತಾರೆ. ಪರಿಸರ ಅಂದ್ರೆ ಅವರಿಗೆ ಅಷ್ಟು ಜೀವ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ನಗುತ್ತ ತಳ್ಳತೊಡಗಿದರು. ಎರಡನೇ ಸಾಲಿಗೆ ಕೋಟು ಕಳಚಿತು. ನಾಲ್ಕನೇ ಸಾಲಿಗೆ ನಗು ಕಳಚಿತು. ಕ್ಯಾಮೆರಾ ಮಾತ್ರ ನಿಲ್ಲಲಿಲ್ಲ.

"ಸಾಕವ್ವಾ," ಸಾಹೇಬರು ಏದುಸಿರು ಬಿಡುತ್ತ ಪಿಸುಗುಟ್ಟಿದರು, "ಕಚೇರಿಗೆ ಇಷ್ಟೊಂದು ಹುಲ್ಲು ಯಾಕೆ ಬೇಕು?"

"ಮೂರು ವರ್ಷದಿಂದ ನಾನೂ ಅದನ್ನೇ ಕೇಳ್ತಿದ್ದೀನಿ ಸಾರ್. ನೀವು ತಳ್ಳಿ ನೋಡಿರಲಿಲ್ಲ, ಅಷ್ಟೆ."

ಮರುದಿನವೇ ಆದೇಶ ಹೊರಟಿತು: ಹುಲ್ಲು ತೆಗೆದು ಹೊಂಗೆ ಸಸಿಗಳನ್ನು ನೆಡತಕ್ಕದ್ದು. ಕಾರಣ, ಪರಿಸರದ ಹಿತದೃಷ್ಟಿ ಎಂದು ಬರೆದಿತ್ತು. ಸಾಹೇಬರ ಸೊಂಟದ ವಿಚಾರ ಅದರಲ್ಲಿ ಎಲ್ಲೂ ಇರಲಿಲ್ಲ.